ರೇಡಾರ್‌ಗೆ ದಾರಿ ಬಿಡುವ ರೂಟರ್: ಕಾಪೆಲ್‌ನ ಮನೆಯೊಂದರಲ್ಲಿ ಏಳು ತಿಂಗಳ ಬಳಕೆಯ ವಿಮರ್ಶೆ

ಬೇಸಿಗೆಯಲ್ಲಿ ಡಾಲಸ್‌ನಲ್ಲಿ ರಾತ್ರಿ ಒಂಬತ್ತಾದರೆ ಮೈಸೂರಿನಲ್ಲಿ ಮರುದಿನದ ಬೆಳಿಗ್ಗೆ ಏಳೂವರೆ. ಅಮ್ಮ ಕಾಫಿ ಲೋಟ ಹಿಡಿದು ವಿಡಿಯೊ ಕರೆಗೆ ಕೂರುವ ಹೊತ್ತು ಅದು. ಹೊಸ ರೂಟರ್ ತಂದ ಮೊದಲ ವಾರದಲ್ಲೇ ಆ ಕರೆ ಮೂರು ಸಲ ತುಂಡಾಯಿತು. ಮತ್ತೆ ಸಂಪರ್ಕ ಸಿಕ್ಕಾಗ ಅಮ್ಮ, "ನಿನ್ ಮುಖ ಅಲ್ಲೇ ಕಲ್ಲಾಗ್ಹೋಗಿತ್ತು ಕಣೋ, ಬಾಯಿ ತೆರ್ಕೊಂಡೇ ಕೂತಿದ್ದೆ" ಎಂದು ನಗುತ್ತಿದ್ದರು. ಸುಮಾರು 300 ಡಾಲರ್ ಕೊಟ್ಟು ಎರಡು ಘಟಕಗಳ ಮೆಶ್ ಸೆಟ್, ಅಂದರೆ ಮನೆಯ ಬೇರೆ ಬೇರೆ ಕಡೆ ಇಟ್ಟರೂ ಒಂದೇ ಜಾಲವಾಗಿ ಕೆಲಸ ಮಾಡುವ ರೂಟರ್ ಜೋಡಿ, ತಂದಿದ್ದ ನನಗೆ ಮಾತ್ರ ನಗು ಬರಲಿಲ್ಲ. ಅದಕ್ಕಿಂತ ಮುಂಚೆ ಮನೆಯಲ್ಲಿದ್ದ ಆರು ವರ್ಷದ ಹಳೆಯ ರೂಟರ್ ನಿಧಾನವಾಗಿತ್ತೇ ಹೊರತು ಒಮ್ಮೆಯೂ ಹೀಗೆ ಕೈಕೊಟ್ಟಿರಲಿಲ್ಲ.

ಈ ವಿಮರ್ಶೆ ಆ ಮೆಶ್ ಸೆಟ್ ಮತ್ತು ಅದರ ಬದಲಿಗೆ ತಂದ ಎರಡನೆಯ ರೂಟರ್ ಕುರಿತದ್ದು. ಇವೆರಡರ ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಕಂಡ ದೋಷ ಒಂದು ಕಂಪನಿಯದ್ದಲ್ಲ. ಇದೇ ಬೆಲೆಯ ಹಲವು ಪೆಟ್ಟಿಗೆಗಳಲ್ಲಿ ಇದೇ ವರ್ತನೆ ಇರುತ್ತದೆ. ಹೆಸರಿಗಿಂತ ಅಂಗಡಿಯಲ್ಲಿ ನಿಂತು ಯಾವ ಪ್ರಶ್ನೆ ಕೇಳಬೇಕೆಂಬುದು ಕೊಳ್ಳುವವರಿಗೆ ಹೆಚ್ಚು ಉಪಯುಕ್ತ. ಆ ಪ್ರಶ್ನೆ ಇಷ್ಟೇ: ರೇಡಾರ್ ಕಂಡಾಗ ಈ ರೂಟರ್ ತನ್ನ ಚಾನೆಲ್ಲನ್ನು, ಅಂದರೆ ತಾನು ಬಳಸುವ ಆವರ್ತನದ ಪಟ್ಟಿಯನ್ನು, ಹೇಗೆ ಬಿಟ್ಟುಕೊಡುತ್ತದೆ?

ರೂಟರ್‌ಗೂ ರೇಡಾರ್‌ಗೂ ಏನು ಸಂಬಂಧ ಎಂದು ಕೇಳುವವರಿಗೆ ಚಾನೆಲ್‌ಗಳ ಲೆಕ್ಕವನ್ನು ಮೊದಲು ಹೇಳಬೇಕು. ಅಮೆರಿಕದಲ್ಲಿ 5 ಗಿಗಾಹರ್ಟ್ಸ್ ವೈ-ಫೈಗೆ ಮೀಸಲಾದ ಜಾಗದಲ್ಲಿ ಯಾರ ಹಂಗೂ ಇಲ್ಲದೆ ಬಳಸಬಹುದಾದ, ತಲಾ 80 ಮೆಗಾಹರ್ಟ್ಸ್ ಅಗಲದ ಪಟ್ಟಿಗಳು ಬಹುಕಾಲ ಎರಡೇ ಇದ್ದವು: 36ರಿಂದ 48ರವರೆಗಿನ ಚಾನೆಲ್‌ಗಳದ್ದು ಒಂದು, 149ರಿಂದ 161ರವರೆಗಿನದ್ದು ಇನ್ನೊಂದು. ನಮ್ಮ ಬೀದಿಯಲ್ಲಿ ಮನೆಗೊಂದರಂತೆ ಇರುವ ರೂಟರ್‌ಗಳೆಲ್ಲ ಈ ಎರಡರಲ್ಲೇ ಗುಂಪುಗೂಡಿವೆ. ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದು ಎಣಿಸಿದಾಗ ಮೊದಲನೆಯದರಲ್ಲಿ ಹದಿನಾಲ್ಕು ಜಾಲಗಳು, ಎರಡನೆಯದರಲ್ಲಿ ಹನ್ನೊಂದು ಸಿಕ್ಕವು. ಇಲ್ಲಿನ ಮನೆಗಳ ಗೋಡೆಗಳು ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದು ಮಾಡಿದವು. ಮೈಸೂರಿನ ಇಟ್ಟಿಗೆ ಗೋಡೆಯಂತೆ ಅವು ಪಕ್ಕದ ಮನೆಯ ಸಂಕೇತವನ್ನು ತಡೆಯುವುದಿಲ್ಲ. ಈ ಎರಡು ಪಟ್ಟಿಗಳ ನಡುವೆ, 52ರಿಂದ 64ರವರೆಗೆ ಮತ್ತು 100ರಿಂದ 144ರವರೆಗೆ, ಇನ್ನೂ ನಾಲ್ಕು ವಿಶಾಲವಾದ ಪಟ್ಟಿಗಳಿವೆ, ಮತ್ತು ಅಲ್ಲಿ ಹೆಚ್ಚು ಜನವಿಲ್ಲ. ಜನವಿಲ್ಲದಿರುವುದಕ್ಕೆ ಕಾರಣ, ಆ ಜಾಗದ ಮೂಲ ನಿವಾಸಿಗಳು ರೇಡಾರ್‌ಗಳು. ವೈ-ಫೈ ಅಲ್ಲಿ ಬಾಡಿಗೆದಾರನೂ ಅಲ್ಲ, ಅತಿಥಿ. ಮನೆಯೊಡೆಯ ಬಂದೊಡನೆ ಎದ್ದು ಹೋಗಬೇಕಾದ ಅತಿಥಿ.

ನಮ್ಮ ಊರಿನ ಮಟ್ಟಿಗೆ ಆ ಮನೆಯೊಡೆಯನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕಾಪೆಲ್ ಇರುವುದು ಡಾಲಸ್–ಫೋರ್ಟ್ ವರ್ತ್ ವಿಮಾನ ನಿಲ್ದಾಣದ ಮಗ್ಗುಲಲ್ಲಿ. ನಿಲ್ದಾಣದ ಉತ್ತರ ಅಂಚಿನಲ್ಲಿ ಹಾದುಹೋಗುವ 114ನೇ ರಾಜ್ಯ ಹೆದ್ದಾರಿಯಲ್ಲೇ ನಾನು ದಿನವೂ ಕೆಲಸಕ್ಕೆ ಹೋಗುತ್ತೇನೆ. 1985ರ ಆಗಸ್ಟ್ 2ರ ಸಂಜೆ ಡೆಲ್ಟಾ ಕಂಪನಿಯ 191ನೇ ಸಂಖ್ಯೆಯ ಟ್ರೈಸ್ಟಾರ್ ವಿಮಾನವು ಇಳಿಯುವ ಹಂತದಲ್ಲಿ ಒಂದು ಮೈಕ್ರೋಬರ್ಸ್ಟ್‌ಗೆ, ಅಂದರೆ ಗುಡುಗು ಮೋಡದಿಂದ ನೆಲಕ್ಕೆ ಅಪ್ಪಳಿಸಿ ಎಲ್ಲ ದಿಕ್ಕಿಗೂ ಹರಡುವ ಗಾಳಿಯ ಸ್ತಂಭಕ್ಕೆ ಸಿಕ್ಕಿ, ಓಡುದಾರಿಗೆ ಮುಂಚೆಯೇ ನೆಲ ಮುಟ್ಟಿ, ಈ ಹೆದ್ದಾರಿಯಲ್ಲಿ ಹೋಗುತ್ತಿದ್ದ ಕಾರೊಂದಕ್ಕೆ ಬಡಿದು, ನಿಲ್ದಾಣದ ನೀರಿನ ತೊಟ್ಟಿಗೆ ಅಪ್ಪಳಿಸಿತು. ಕಾರಿನ ಚಾಲಕನೂ ಸೇರಿ 137 ಮಂದಿ ಸತ್ತರು. ಇಂಥ ಗಾಳಿಯನ್ನು ಮೊದಲೇ ಕಂಡು ಪೈಲಟ್‌ಗೆ ಎಚ್ಚರಿಕೆ ಕೊಡುವ ವ್ಯವಸ್ಥೆಗೆ ಈ ಅಪಘಾತ ದೊಡ್ಡ ಒತ್ತಡ ತಂದಿತು. ಅದರ ಫಲವಾಗಿ ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ 1990ರ ದಶಕದಲ್ಲಿ ದೊಡ್ಡ ನಿಲ್ದಾಣಗಳ ಬಳಿ ಟರ್ಮಿನಲ್ ಡಾಪ್ಲರ್ ಹವಾಮಾನ ರೇಡಾರ್‌ಗಳನ್ನು ನಿಲ್ಲಿಸಿತು. ಇಂದು ಅಂಥವು ನಲವತ್ತೈದು ಇವೆ. ಡಾಲಸ್ ಪ್ರದೇಶವೊಂದಕ್ಕೇ ಎರಡು: ಒಂದು ಈ ನಿಲ್ದಾಣಕ್ಕೆ, ಇನ್ನೊಂದು ನಗರದೊಳಗಿನ ಲವ್ ಫೀಲ್ಡ್‌ಗೆ.

ಈ ರೇಡಾರ್ ಕೆಲಸ ಮಾಡುವುದು 5600ರಿಂದ 5650 ಮೆಗಾಹರ್ಟ್ಸ್ ನಡುವೆ. ವೈ-ಫೈ ಭಾಷೆಯಲ್ಲಿ ಹೇಳುವುದಾದರೆ ಅದು 120, 124 ಮತ್ತು 128ನೇ ಚಾನೆಲ್‌ಗಳ ಜಾಗ. ಅರ್ಧ ಡಿಗ್ರಿಗಿಂತ ಸ್ವಲ್ಪವೇ ಹೆಚ್ಚು ಅಗಲದ, ಸೂಜಿಯಂಥ ಕಿರಣದಲ್ಲಿ ರೇಡಾರ್ ಸುಮಾರು 250 ಕಿಲೋವಾಟ್‌ನ ಮಿಡಿತಗಳನ್ನು ಕಳಿಸುತ್ತದೆ. ಪ್ರತಿ ಮಿಡಿತವೂ ಒಂದು ಮೈಕ್ರೋಸೆಕೆಂಡಿನ ಆಸುಪಾಸಿನದು. ಆದರೆ ರೇಡಾರ್‌ನ ನಿಜವಾದ ಕೆಲಸ ಕೂಗುವುದಲ್ಲ, ಕೇಳುವುದು. ಮಳೆಹನಿ, ಧೂಳು, ಕೀಟಗಳಿಗೆ ತಗುಲಿ ಮರಳಿ ಬರುವ ಅತ್ಯಂತ ಕ್ಷೀಣವಾದ ಪ್ರತಿಧ್ವನಿಯಿಂದ ಅದು ಗಾಳಿಯ ವೇಗವನ್ನು ಲೆಕ್ಕ ಹಾಕಬೇಕು. ಅಷ್ಟು ಸೂಕ್ಷ್ಮವಾದ ಕಿವಿಯ ಮುಂದೆ ಛಾವಣಿಯ ಮೇಲಿನ ಒಂದು ವಾಟ್‌ನ ವೈ-ಫೈ ಉಪಕರಣವೂ ಗದ್ದಲವೇ. ಅಂಥದ್ದೊಂದು ದಾರಿಗೆ ಅಡ್ಡ ಬಂದರೆ ರೇಡಾರ್ ಪರದೆಯ ಮೇಲೆ ಕೇಂದ್ರದಿಂದ ಅಂಚಿನವರೆಗೆ ಚಕ್ರದ ಅರದಂತೆ ಒಂದು ಗೆರೆ ಮೂಡುತ್ತದೆ, ಮತ್ತು ಆ ದಿಕ್ಕಿನ ಹವಾಮಾನ ಅದರ ಹಿಂದೆ ಮರೆಯಾಗುತ್ತದೆ.

ಇದು ಕಲ್ಪನೆಯ ಭಯವಲ್ಲ. 2003ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೊ ಸಮ್ಮೇಳನವು ಈ ಆವರ್ತನಗಳನ್ನು ವೈ-ಫೈಗೂ ತೆರೆಯಿತು, ಆದರೆ ರೇಡಾರ್ ಕಂಡರೆ ತಾನಾಗಿ ಜಾಗ ಬದಲಿಸಬೇಕೆಂಬ ಷರತ್ತಿನೊಂದಿಗೆ. ಆ ಷರತ್ತಿಗೇ ಡಿಎಫ್‌ಎಸ್ ಎಂದು ಹೆಸರು. 2009ರಲ್ಲಿ ಪೋರ್ಟೊ ರಿಕೊದ ಸ್ಯಾನ್ ವಾನ್ ನಿಲ್ದಾಣದ ರೇಡಾರ್‌ನಲ್ಲಿ ಅಂಥ ಗೆರೆಗಳು ಕಾಣಿಸಿಕೊಂಡಾಗ ತನಿಖೆ ನಡೆಯಿತು. ಸಿಕ್ಕಿದ್ದು ಮನೆಯೊಳಗಿನ ರೂಟರ್‌ಗಳಲ್ಲ. ಕಟ್ಟಡಗಳ ಮೇಲೆ ನಿಂತು ಗ್ರಾಹಕರಿಗೆ ಇಂಟರ್‌ನೆಟ್ ಹಂಚುತ್ತಿದ್ದ ಉಪಕರಣಗಳು, ಅವುಗಳಲ್ಲಿ ಹಲವಕ್ಕೆ ಡಿಎಫ್‌ಎಸ್ ಇರಲಿಲ್ಲ ಅಥವಾ ಅದನ್ನು ಬಂದ್ ಮಾಡಲಾಗಿತ್ತು. ಅಮೆರಿಕದ ಸಂಪರ್ಕ ನಿಯಂತ್ರಕ ಎಫ್‌ಸಿಸಿ ಹಲವರಿಗೆ ಹತ್ತಾರು ಸಾವಿರ ಡಾಲರ್ ದಂಡ ಹಾಕಿತು. ಕೆಲವು ವರ್ಷ 5600–5650ರಲ್ಲಿ ಕೆಲಸ ಮಾಡುವ ಹೊಸ ಉಪಕರಣಗಳಿಗೆ ಅನುಮತಿಯನ್ನೇ ಕೊಡಲಿಲ್ಲ. 2014ರಲ್ಲಿ ಪರೀಕ್ಷೆ ಮತ್ತು ತಂತ್ರಾಂಶದ ಭದ್ರತೆಯ ನಿಯಮಗಳನ್ನು ಬಿಗಿಗೊಳಿಸಿದ ಮೇಲೆ ಆ ಚಾನೆಲ್‌ಗಳು ಮತ್ತೆ ತೆರೆದವು. ನಾನು ಕೊಂಡ ಮೆಶ್ ಸೆಟ್ ಆ ಬಾಗಿಲಿನಿಂದ ಒಳಬಂದದ್ದು.

ಈಗಿರುವ ನಿಯಮ ಹೀಗಿದೆ. ಡಿಎಫ್‌ಎಸ್ ಚಾನೆಲ್ಲಿಗೆ ಹೋಗುವ ಮುನ್ನ ರೂಟರ್ 60 ಸೆಕೆಂಡು ಸುಮ್ಮನೆ ಕಿವಿಗೊಟ್ಟು ಕೂರಬೇಕು. ಬಳಕೆಯ ನಡುವೆ ರೇಡಾರ್ ಮಿಡಿತ ಸಿಕ್ಕರೆ 10 ಸೆಕೆಂಡಿನೊಳಗೆ ಜಾಗ ಖಾಲಿ ಮಾಡಬೇಕು, ಮತ್ತು ಮುಂದಿನ 30 ನಿಮಿಷ ಆ ಕಡೆ ತಲೆ ಹಾಕಬಾರದು. ಎಷ್ಟು ಕ್ಷೀಣ ಸಂಕೇತವನ್ನು ಗುರುತಿಸಬೇಕೆಂಬುದಕ್ಕೂ ಅಳತೆಯಿದೆ. ಶಕ್ತಿಶಾಲಿ ರೂಟರ್‌ಗಳಿಗೆ ಅದು ಅರ್ಧ ನ್ಯಾನೊವಾಟ್‌ಗಿಂತ ಕಡಿಮೆ. ಯುರೋಪಿನಲ್ಲಿ ಇದೇ 5600–5650 ಪಟ್ಟಿಗೆ ಮೊದಲ ಕಾಯುವಿಕೆ ಹತ್ತು ನಿಮಿಷ ಎಂಬುದನ್ನು ನೆನೆದರೆ ನಮ್ಮ ಒಂದು ನಿಮಿಷ ಉದಾರವೇ ಸರಿ.

ಈ ನಿಯಮವನ್ನು ಮೊದಲ ರೂಟರ್ ತಪ್ಪದೆ ಪಾಲಿಸಿತು. ಅದರ ಬಗ್ಗೆ ನನ್ನ ದೂರಿಲ್ಲ. ದೂರು ಪಾಲಿಸಿದ ರೀತಿಯ ಬಗ್ಗೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದ ವೇಗ ಸಿಗಬೇಕಾದರೆ ಅದು 160 ಮೆಗಾಹರ್ಟ್ಸ್ ಅಗಲದಲ್ಲಿ ಕೆಲಸ ಮಾಡಬೇಕು, ಹಾಗಾಗಿ ಕಾರ್ಖಾನೆಯಿಂದ ಬಂದಂತೆಯೇ ಎರಡು ಘಟಕಗಳ ನಡುವಿನ ಕೊಂಡಿಯನ್ನು 100ರಿಂದ 128ರವರೆಗೆ ಚಾಚಿ ಇಟ್ಟಿತ್ತು. ಅಂದರೆ ಜಗತ್ತಿನಲ್ಲಿ ಅತಿ ಹೆಚ್ಚು ವಿಮಾನಗಳು ಇಳಿಯುವ ನಿಲ್ದಾಣಗಳಲ್ಲಿ ಒಂದರ ಪಕ್ಕದಲ್ಲಿ ಕುಳಿತು, ಅದೇ ನಿಲ್ದಾಣದ ರೇಡಾರ್ ಚಾನೆಲ್ಲನ್ನು ಪೂರ್ತಿಯಾಗಿ ಮುಚ್ಚುವ ಪಟ್ಟಿಯನ್ನು ಆರಿಸಿಕೊಂಡಿತ್ತು. ರೇಡಾರ್ ಕಂಡೊಡನೆ ಕೊಂಡಿ ಕಡಿಯುತ್ತಿತ್ತು. ಬಳಿಕ ಅದು ಕಾಯಬೇಕಿಲ್ಲದ ಸಾಮಾನ್ಯ ಚಾನೆಲ್ಲಿಗೆ ಹಾರದೆ ಇನ್ನೊಂದು ಡಿಎಫ್‌ಎಸ್ ಚಾನೆಲ್ಲಿಗೆ ಹೋಗಿ ಮತ್ತೆ 60 ಸೆಕೆಂಡು ಕಾಯುತ್ತಿತ್ತು. ಮಹಡಿಯ ಘಟಕ ಅಷ್ಟೂ ಹೊತ್ತು ಅನಾಥ. ಫೋನುಗಳು ನಿಧಾನದ 2.4 ಗಿಗಾಹರ್ಟ್ಸ್‌ಗೆ ಜಾರಿ, ಎಲ್ಲ ಸರಿಹೋದ ಮೇಲೂ ಅಲ್ಲೇ ಅಂಟಿಕೊಳ್ಳುತ್ತಿದ್ದವು. ಮೂವತ್ತು ನಿಮಿಷ ಮುಗಿದ ಕೂಡಲೇ ರೂಟರ್ ಹಳೆಯ ಅಗಲದ ಆಸೆಗೆ ಅದೇ ಪಟ್ಟಿಗೆ ಮರಳುತ್ತಿತ್ತು, ಮತ್ತೆ ಏಟು ತಿನ್ನುತ್ತಿತ್ತು.

ಇದೆಲ್ಲ ನನಗೆ ಗೊತ್ತಾದದ್ದು ಮೂರನೆಯ ವಾರದಲ್ಲಿ. ಫೋನಿನ ಆ್ಯಪ್ ಯಾವಾಗ ನೋಡಿದರೂ ಹಸಿರು ಬಣ್ಣದಲ್ಲಿ ನಿಮ್ಮ ಜಾಲ ಆರೋಗ್ಯವಾಗಿದೆ ಎಂದೇ ಹೇಳುತ್ತಿತ್ತು. ಸಹಾಯವಾಣಿಯವರು ಎರಡು ಸಲ ರೀಸೆಟ್ ಮಾಡಿಸಿದರು, ಮೂರನೆಯ ಸಲ ಇಂಟರ್‌ನೆಟ್ ಕೊಡುವ ಕಂಪನಿಯನ್ನು ಬದಲಿಸಲು ಹೇಳಿದರು. ಕೊನೆಗೆ ಬ್ರೌಸರ್‌ನಲ್ಲಿ ರೂಟರ್‌ನ ಒಳಪುಟ ತೆರೆದು, ನಾಲ್ಕು ಮೆನುಗಳ ಕೆಳಗೆ ಅಡಗಿದ್ದ ಸಿಸ್ಟಂ ಲಾಗ್ ಓದಿದಾಗ ಅಮ್ಮನ ಕರೆ ನಿಂತ ನಿಮಿಷಕ್ಕೆ ಸರಿಯಾಗಿ ಒಂದು ಸಾಲು ಇತ್ತು: 9:17:42, ರೇಡಾರ್ ಪತ್ತೆ, ಚಾನೆಲ್ 100, ಅಗಲ 160. ಅದರ ಕೆಳಗಿನ ಸಾಲು 9:18:49ರದು. ನಡುವಿನ ಅರವತ್ತೇಳು ಸೆಕೆಂಡುಗಳಲ್ಲಿ ನಾನು ಮೈಸೂರಿನ ಪರದೆಯಲ್ಲಿ ಬಾಯಿ ತೆರೆದು ಕುಳಿತಿದ್ದೆ.

ಆಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡು, ಒಂದೊಂದು ವ್ಯವಸ್ಥೆಯನ್ನೂ ಹದಿನಾಲ್ಕು ದಿನ ಪರೀಕ್ಷಿಸಿದೆ. ಮಹಡಿಯ ಕಿಟಕಿಯ ಬಳಿ ಘಟಕವಿದ್ದು, 160 ಮೆಗಾಹರ್ಟ್ಸ್ ಅಗಲವಿದ್ದಾಗ 41 ಸಲ ರೇಡಾರ್ ಪತ್ತೆಯಾಯಿತು. ಅದೇ ಘಟಕವನ್ನು ಕಿಟಕಿಯಿಂದ ತೆಗೆದು ಒಳಗಿನ ಓಣಿಯ ಕಪಾಟಿನಲ್ಲಿಟ್ಟಾಗ 9ಕ್ಕೆ ಇಳಿಯಿತು. ಅಗಲವನ್ನು 80ಕ್ಕೆ ಇಳಿಸಿ 100ರಿಂದ 112ರ ಪಟ್ಟಿಗೆ, ಅಂದರೆ 5570 ಮೆಗಾಹರ್ಟ್ಸ್‌ಗೇ ಮುಗಿಯುವ ಪಟ್ಟಿಗೆ ಕಟ್ಟಿಹಾಕಿದಾಗ ಎರಡೇ. ಮೋಡ ಕವಿದ ಸಂಜೆಗಳಲ್ಲಿ ಪತ್ತೆಗಳು ಹೆಚ್ಚಿದ್ದವು, ಅದಕ್ಕೂ ಅರ್ಥವಿದೆ: ಅಪಾಯದ ಹವಾಮಾನವಿದ್ದಾಗ ಈ ರೇಡಾರ್ ತನ್ನ ಕ್ರಮ ಬದಲಿಸಿ ನೆಲಮಟ್ಟದ ಕಿರಣವನ್ನು ನಿಮಿಷಕ್ಕೊಮ್ಮೆ ತಿರುಗಿಸುತ್ತದೆ. ಗುಡುಗು ಬಂದಾಗಲೇ ವೈ-ಫೈ ಕೆಡುತ್ತದೆ ಎಂದು ಹೆಂಡತಿ ಹೇಳಿದಾಗ ನಾನು ಅದನ್ನು ತಳ್ಳಿಹಾಕಿದ್ದೆ. ಅವಳ ಮಾತೇ ನಿಜವಾಯಿತು.

52ರಿಂದ 64ರ ಪಟ್ಟಿಯ ಕಥೆ ಬೇರೆ. ಅಲ್ಲಿ ಐದು ಪತ್ತೆಗಳು, ಐದೂ ಹಗಲಿನಲ್ಲಿ, ಆಕಾಶ ಸ್ವಚ್ಛವಾಗಿದ್ದಾಗ, ಮತ್ತು ಅವುಗಳಲ್ಲಿ ನಾಲ್ಕು ನಾನು ದೊಡ್ಡ ಕಡತಗಳನ್ನು ಸಾಗಿಸುತ್ತಿದ್ದ ಹೊತ್ತಿನಲ್ಲಿ. ಇವು ರೇಡಾರ್ ಅಲ್ಲ, ರೂಟರ್‌ನ ಭ್ರಮೆ ಎಂಬುದು ನನ್ನ ಅಭಿಪ್ರಾಯ. ಈ ಭ್ರಮೆಯ ಬೇರು ನಿಯಮದಲ್ಲೇ ಇದೆ. ಎಫ್‌ಸಿಸಿಯ ಪರೀಕ್ಷೆಯಲ್ಲಿ ಪ್ರಯೋಗಾಲಯದಲ್ಲಿ ಸೃಷ್ಟಿಸಿದ ರೇಡಾರ್ ಮಿಡಿತಗಳನ್ನು ರೂಟರ್‌ಗೆ ಕೇಳಿಸಿ, ಸಾಮಾನ್ಯ ಮಿಡಿತದ ಪ್ರತಿ ಬಗೆಯಲ್ಲೂ ಕನಿಷ್ಠ ನೂರಕ್ಕೆ 60, ಒಟ್ಟಾರೆ 80 ಗುರುತಿಸಿತೇ ಎಂದು ನೋಡುತ್ತಾರೆ. ಇಲ್ಲದ ರೇಡಾರನ್ನು ಇದೆ ಎಂದು ಕಂಡರೆ ಅದಕ್ಕೆ ಅಂಕ ಕಳೆಯುವುದಿಲ್ಲ. ಹೀಗಿರುವಾಗ ಅನುಮತಿ ತಪ್ಪಬಾರದೆಂಬ ತಯಾರಕ ನೆರಳನ್ನೂ ಹಾವೆನ್ನುವಂತೆ ತಂತ್ರಾಂಶ ಬರೆಯುತ್ತಾನೆ. ಅದರ ಬೆಲೆಯನ್ನು ತೆರುವವನು ಗ್ರಾಹಕ. ವಿಮಾನದ ಸುರಕ್ಷತೆಯ ದೃಷ್ಟಿಯಿಂದ ಈ ಓರೆ ಸರಿಯಾದ ಕಡೆಗೇ ಇದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಸುಳ್ಳು ಎಚ್ಚರಿಕೆಗಳ ಪ್ರಮಾಣವನ್ನೂ ಅಳೆದು ಪೆಟ್ಟಿಗೆಯ ಮೇಲೆ ಬರೆಯಬೇಕೆಂಬ ನಿಯಮವಿದ್ದಿದ್ದರೆ ನನ್ನ 300 ಡಾಲರ್ ಉಳಿಯುತ್ತಿತ್ತು.

ಎರಡನೆಯ ರೂಟರ್ ಒಂಟಿ ಘಟಕ, ಬೆಲೆ ಇನ್ನೂ ಸ್ವಲ್ಪ ಹೆಚ್ಚು. ಇದನ್ನು ಆರಿಸಿದ್ದು ಒಂದೇ ಗುಣಕ್ಕಾಗಿ: ವಿವರಪಟ್ಟಿಯ ಕೆಳಗಿನ ಸಾಲಿನಲ್ಲಿ ಇದಕ್ಕೆ ಜೀರೊ-ವೇಟ್ ಡಿಎಫ್‌ಎಸ್ ಇದೆಯೆಂದು ಬರೆದಿತ್ತು. ಇದರೊಳಗೆ ಕಿವಿಗೊಡುವುದಕ್ಕೇ ಮೀಸಲಾದ ಇನ್ನೊಂದು ರೇಡಿಯೊ ಇದೆ. ಮುಖ್ಯ ರೇಡಿಯೊ ಒಂದು ಚಾನೆಲ್ಲಿನಲ್ಲಿ ಕೆಲಸ ಮಾಡುತ್ತಿರುವಾಗಲೇ ಇದು ಮತ್ತೊಂದು ಚಾನೆಲ್ಲಿನಲ್ಲಿ ಅರವತ್ತು ಸೆಕೆಂಡಿನ ಕಾಯುವಿಕೆಯನ್ನು ಮುಗಿಸಿ ಜಾಗ ಕಾದಿರಿಸಿರುತ್ತದೆ. ರೇಡಾರ್ ಬಂದಾಗ ರೂಟರ್ ತನ್ನ ಜೊತೆಗಿರುವ ಫೋನು, ಲ್ಯಾಪ್‌ಟಾಪ್‌ಗಳಿಗೆಲ್ಲ ಇಂಥ ಚಾನೆಲ್ಲಿಗೆ ಹೋಗೋಣ ಎಂಬ ಸೂಚನೆ ಕೊಟ್ಟು ಎಲ್ಲವನ್ನೂ ಒಟ್ಟಿಗೆ ಕರೆದೊಯ್ಯುತ್ತದೆ. ಲಾಗ್ ಪುಟ ತೆರೆದಿಟ್ಟುಕೊಂಡು ಅಮ್ಮನೊಡನೆ ಮಾತಾಡುತ್ತಿದ್ದಾಗ ಒಮ್ಮೆ ಇದು ಕಣ್ಣೆದುರೇ ನಡೆಯಿತು. ಪರದೆಯಲ್ಲಿ ಅಮ್ಮನ ಕೈಯ ಲೋಟ ಕ್ಷಣಕಾಲ ಚೌಕಚೌಕವಾಗಿ ಒಡೆದು ಮತ್ತೆ ಕೂಡಿಕೊಂಡಿತು, ಮಾತು ನಿಲ್ಲಲಿಲ್ಲ. ಲಾಗ್‌ನಲ್ಲಿ ಪತ್ತೆಯ ಸಾಲಿಗೂ ಹೊಸ ಚಾನೆಲ್ಲಿನ ಸಾಲಿಗೂ ಒಂದೇ ಸೆಕೆಂಡಿನ ಮುದ್ರೆಯಿತ್ತು.

ಕೊರತೆಗಳಿಲ್ಲವೆಂದಲ್ಲ. ಈ ಸೌಲಭ್ಯ 80 ಮೆಗಾಹರ್ಟ್ಸ್ ಅಗಲದಲ್ಲಿ ಮಾತ್ರ ಕೆಲಸ ಮಾಡುತ್ತದೆ. 160ಕ್ಕೆ ಏರಿಸಿದರೆ ಹಿನ್ನೆಲೆಯ ಕಿವಿ ಮುಚ್ಚಿಹೋಗುತ್ತದೆ, ಮತ್ತು ಇದನ್ನು ಕೈಪಿಡಿಯಲ್ಲಿ ಎಲ್ಲೂ ಹೇಳಿಲ್ಲ. ವಿದ್ಯುತ್ ಹೋಗಿ ಬಂದಾಗ ಮೊದಲ ನಿಮಿಷದ ಕಾಯುವಿಕೆ ತಪ್ಪುವುದಿಲ್ಲ. ಪೆಟ್ಟಿಗೆ ಮುಟ್ಟಿದರೆ ಸಾಕಷ್ಟು ಬಿಸಿ. ಇನ್ನು ವೇಗದ ಮಾತು: ಸಾಮಾನ್ಯ ಫೋನಿಗೆ 80 ಅಗಲದಲ್ಲಿ ಕಾಗದದ ಮೇಲೆ 1201 ಮೆಗಾಬಿಟ್, 160ರಲ್ಲಿ 2402. ನನ್ನ ಓದುವ ಕೋಣೆಯಲ್ಲಿ ನಿಜವಾಗಿ ಸಿಕ್ಕಿದ್ದು ಕ್ರಮವಾಗಿ 600 ಮತ್ತು 850ರ ಆಸುಪಾಸು. ಮನೆಗೆ ಬರುವ ಇಂಟರ್‌ನೆಟ್ಟೇ ಒಂದು ಗಿಗಾಬಿಟ್ ಆಗಿರುವಾಗ, ವಿಡಿಯೊ ಕರೆಗೆ ಕೆಲವೇ ಮೆಗಾಬಿಟ್ ಸಾಕಾಗಿರುವಾಗ, ಆ ಹೆಚ್ಚುವರಿ ಅಗಲಕ್ಕಾಗಿ ರೇಡಾರ್‌ನ ಜಾಗದೊಳಗೆ ಕಾಲು ಚಾಚುವುದರಲ್ಲಿ ನನಗಂತೂ ಅರ್ಥ ಕಾಣಲಿಲ್ಲ.

ಹೊಸದಾಗಿ ಕೊಳ್ಳುವವರು 6 ಗಿಗಾಹರ್ಟ್ಸ್ ಇರುವ ರೂಟರ್ ನೋಡಬಹುದು. ಅಮೆರಿಕದಲ್ಲಿ 2020ರ ಏಪ್ರಿಲ್‌ನಲ್ಲಿ ಎಫ್‌ಸಿಸಿ 5925ರಿಂದ 7125 ಮೆಗಾಹರ್ಟ್ಸ್‌ವರೆಗೆ ತೆರೆದುಕೊಟ್ಟ ಈ ಜಾಗದಲ್ಲಿ ಡಿಎಫ್‌ಎಸ್ ಕಾಟವಿಲ್ಲ. ಆದರೆ ಅದು ಗೋಡೆ ದಾಟುವುದರಲ್ಲಿ ಇನ್ನೂ ಸೋಲುತ್ತದೆ, ಮತ್ತು ನಮ್ಮ ಮನೆಯ ಅರ್ಧ ಉಪಕರಣಗಳಿಗೆ ಅದರ ಗುರುತೇ ಇಲ್ಲ. ವಿಮಾನ ನಿಲ್ದಾಣದಿಂದ ದೂರ, ಪಕ್ಕದ ಮನೆಯೂ ದೂರ ಇರುವ ಕಡೆ ವಾಸಿಸುವವರು ಈ ಯಾವ ತಲೆನೋವಿಗೂ ಸಿಕ್ಕದೆ ಅಗ್ಗದ ರೂಟರನ್ನು 36ಕ್ಕೆ ಕಟ್ಟಿಹಾಕಿ ನೆಮ್ಮದಿಯಾಗಿರಬಹುದು. ಛಾವಣಿಯ ಮೇಲೆ ಹೊರಾಂಗಣ ಉಪಕರಣ ಹಾಕಿಸುವವರು ಮಾತ್ರ ಎಚ್ಚರವಾಗಿರಬೇಕು: ಇಂಥ ರೇಡಾರ್‌ನಿಂದ 35 ಕಿಲೋಮೀಟರ್ ಒಳಗಿದ್ದರೆ ಅದರ ಆವರ್ತನಕ್ಕಿಂತ ಕನಿಷ್ಠ 30 ಮೆಗಾಹರ್ಟ್ಸ್ ದೂರವಿರಬೇಕೆಂದು ಎಫ್‌ಸಿಸಿ ಹೇಳಿದೆ.

ಮೈಸೂರಿನಲ್ಲಿರುವ ನನ್ನ ತಮ್ಮ ಆ ಹಳೆಯ ಮೆಶ್ ಸೆಟ್ ತನಗೆ ಬೇಕೆಂದು ಕೇಳಿದ. "ಅಣ್ಣ, ರೂಟರ್ ಸೆಟ್ಟಿಂಗ್‌ನಲ್ಲಿ ದೇಶದ ಹೆಸರು ಬದಲಾಯಿಸಿದ್ರೆ ಡಿಎಫ್‌ಎಸ್ಸೇ ಇರಲ್ವಂತೆ, ಹಾಗೇ ಮಾಡಿ ಕೊಡು" ಎಂದ. ಭಾರತದಲ್ಲೂ 2018ರ ಅಕ್ಟೋಬರ್‌ನಿಂದ 5 ಗಿಗಾಹರ್ಟ್ಸ್‌ನ ಈ ಪಟ್ಟಿಗಳಿಗೆ ಪರವಾನಗಿ ಬೇಕಿಲ್ಲ, ನಿಜ. ಆದರೆ ದೆಹಲಿಯ ಮೌಸಮ್ ಭವನದ ಮೇಲೂ ಹವಾಮಾನ ಇಲಾಖೆಯ ಸಿ-ಬ್ಯಾಂಡ್ ರೇಡಾರ್, ಅಂದರೆ ಇದೇ ಆವರ್ತನಗಳ ಆಸುಪಾಸಿನಲ್ಲಿ ಕೆಲಸ ಮಾಡುವ ರೇಡಾರ್, ಇದೆ. ಜಾಗ ಹಂಚಿಕೊಳ್ಳುವ ಕಷ್ಟ ಅಮೆರಿಕದ್ದು ಮಾತ್ರವಲ್ಲ. ಸ್ಯಾನ್ ವಾನ್‌ನಲ್ಲಿ ದಂಡ ಕಟ್ಟಿದವರಲ್ಲೂ ಇಂಥ ಸುಲಭದಾರಿ ಹಿಡಿದವರಿದ್ದರು. ಕೊಡುವುದಿಲ್ಲ ಎಂದೆ. ಅವನಿಗೆ ಸ್ವಲ್ಪ ಬೇಸರವಾಯಿತು.

ಮೆಶ್ ಸೆಟ್‌ನ ಒಂದು ಘಟಕ ಈಗ ಗ್ಯಾರೇಜಿನಲ್ಲಿ 40ನೇ ಚಾನೆಲ್ಲಿಗೆ ಕಟ್ಟಿಹಾಕಿಸಿಕೊಂಡು ಬಾಗಿಲಿನ ಕ್ಯಾಮೆರಾ ನೋಡಿಕೊಳ್ಳುತ್ತಿದೆ. ಆ ಕೆಲಸಕ್ಕೆ ಅದು ಸಾಕು. ಅದಕ್ಕೆ ಐದಕ್ಕೆ ಎರಡು ಅಂಕ, ಎರಡನೆಯ ರೂಟರ್‌ಗೆ ನಾಲ್ಕು. ಅರ್ಧ ಅಂಕ ಕೈಪಿಡಿ ಮುಚ್ಚಿಟ್ಟ ವಿಷಯಕ್ಕೆ ಹೋಯಿತು, ಇನ್ನರ್ಧ ನಮ್ಮ ಮುದ್ರಕದ ಕಾರಣಕ್ಕೆ: ಹತ್ತು ವರ್ಷ ಹಳೆಯ ಆ ಮುದ್ರಕಕ್ಕೆ ಚಾನೆಲ್ ಬದಲಾವಣೆಯ ಸೂಚನೆ ಅರ್ಥವಾಗುವುದಿಲ್ಲ, ಪ್ರತಿ ಸಲ ರೇಡಾರ್ ಬಂದಾಗಲೂ ಅದೊಂದೇ ಹಳೆಯ ಚಾನೆಲ್ಲಿನಲ್ಲಿ ಉಳಿದು ಹುಡುಕಾಡುತ್ತಿತ್ತು. ಹೋದ ಶನಿವಾರ ಅದಕ್ಕೊಂದು ಕೇಬಲ್ ಎಳೆದೆ.